ಕಡ್ಡಿ ವಾಪಸ್

ಸೂರಿ ಮೊಂಡು, ಮಾಂಸಕ್ಕೆ ಹಠ.
ಮುದಿ ಕೋಣ; ಎಷ್ಟು ಗದ್ದೆಯ ಕೆಸರು ತುಳಿದು ಬಂದದ್ದೋ.
ನಾರು ಎತ್ತ ಓಡಿದೆಯೆಂದು ಬೆರಳಲ್ಲಿ ಕೇಳಿಕೊಂಡು
ಅದಕ್ಕೆ ಅಡ್ಡ ಕೊಯ್ಯಬೇಕು, ಬೆರಳುದ್ದ.
ಹದಿನಾರು ವರ್ಷ ಹಡಗಿನ ಅಡುಗೆಮನೆ
ನನಗೆ ಕಲಿಸಿದ ಶಾಸ್ತ್ರ ಇಷ್ಟೇ.

"ಪೇರ್ ತುರಿದು ಹಾಕಬೇಕು ಪಪ್ಪಾ,"
ಮೊಬೈಲು ನೋಡಿ ಓದುತ್ತಾಳೆ ಜಾಸಿಂತಾ.
ಒಳಗಿನಿಂದ ಎಸ್ಪೆರಾನ್ಸ್ ತಂದಿಟ್ಟದ್ದು ಎರಡು ಸೀಬೆ.
ನಮ್ಮ ಕೊಂಕಣಿಯಲ್ಲಿ ಪೇರ್ ಅಂದರೆ ಅದೇ ತಾನೆ!
ಮಗಳು ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕುಸಿದಳು.
ಆ ಪೇರ್ ಬೇರೆಯಂತೆ, ಕಚ್ಚಿದರೆ ನೀರಂತೆ,
ಒಂದೊಂದೂ ಕೂಸಿನ ತಲೆಯಷ್ಟು ದಪ್ಪವಂತೆ.
ಕಾರವಾರದ ರವಿವಾರದ ಸಂತೆಗೆ ಅದು ಬರುವುದಿಲ್ಲ.
ಎಸ್ಪೆರಾನ್ಸ್ ಮಾತಾಡದೆ ಬಾವಿಕಟ್ಟೆಗೆ ಹೋಗಿ
ಹಸಿ ಪಪಾಯಿ ಕಿತ್ತು ತಂದು
ಹಾಲು ಸೋರುತ್ತಿರುವಾಗಲೇ ತುರಿದಳು.

ಸೋಯಾ, ಬೆಳ್ಳುಳ್ಳಿ, ಸಕ್ಕರೆ ಮುಗಿದದ್ದಕ್ಕೆ ಬೆಲ್ಲ.
ಎಳ್ಳೆಣ್ಣೆ ಮಾತ್ರ ನಮ್ಮದು ಮೂಗಿಗೆ ಏರುವುದಿಲ್ಲ;
ಒಂದು ಹಿಡಿ ಕರಿಎಳ್ಳು ಹುರಿದು ಮೇಲೆ ಚೆಲ್ಲಿದೆ.
ತೀಳಮಾತಿಯ ಮರಳಲ್ಲಿ ಬಿದ್ದೆದ್ದ ಮಗುವಿನ ಮೈಯಂತೆ ಕಂಡಿತು ಮಾಂಸ.

ಕಡ್ಡಿ? ಹಿಡಿ ಕಟ್ಟಲೆಂದು ಇವಳು ತೆಗೆದಿಟ್ಟ
ಮಡಲಿನ ಕಡ್ಡಿಗಳನ್ನೇ ಕದ್ದು ನೀರಲ್ಲಿ ನೆನೆಸಿದೆ.
ಮಾಂಸ, ಈರುಳ್ಳಿ ಸೊಪ್ಪಿನ ಕಾಂಡ, ಮಾಂಸ, ಕ್ಯಾರೆಟ್,
ಅಣಬೆ, ಮತ್ತೆ ಮಾಂಸ.
ಕಡ್ಡಿ ಬಾಗಿತು, ಗಾಳ ನುಂಗಿದ ಮೀನಿಗೆ ಬಾಗಿದಂತೆ.

ಕೋಡಿಬಾಗದ ನಮ್ಮ ತಾರಸಿಯ ಮೇಲೆ
ಸೀಳಿದ ಬಣ್ಣದ ಡಬ್ಬಿಯಲ್ಲಿ ಕರಟದ ಕೆಂಡ.
ಕಾಳಿಯ ಸೇತುವೆಯ ಮೇಲೆ ಗೋವೆಯ ಲಾರಿಗಳು.
"ನಮ್ಮ ಪಪ್ಪಾ ಕೊರಿಯಾ ನೋಡಿದ್ದಾರೆ"
ಅಂತ ಶಾಲೆಯಲ್ಲೆಲ್ಲ ಹೇಳಿಕೊಂಡಿದ್ದಾಳೆ ಮಗಳು.
ಅವಳ ಕೊರಿಯಾದಲ್ಲಿ ಹಿಮ ಬೀಳುತ್ತದೆ,
ಒಂದೇ ಕೊಡೆಯಲ್ಲಿ ಇಬ್ಬರು ನಡೆಯುತ್ತಾರೆ, ಯಾರೂ ಬೆವರುವುದಿಲ್ಲ.

ನನ್ನದು ಬೂಸಾನಿನಲ್ಲಿ ಹನ್ನೊಂದು ತಾಸು.
ಇಳಿಯಲು ಪಾಸು ಸಿಗಲಿಲ್ಲ.
ಏಣಿಯ ಕೊನೇ ಮೆಟ್ಟಿಲವರೆಗೆ ಹೋಗಿ ನಿಂತಿದ್ದೆ,
ನೆಲ ಒಂದು ಗೇಣು ಕೆಳಗಿತ್ತು.
ಇದನ್ನು ಮಗಳಿಗೆ ಹೇಳಿಲ್ಲ.
ಅಲ್ಲೊಬ್ಬ ವೆಲ್ಡಿಂಗಿನವ, ಅವರದೇನೋ ಹಬ್ಬವಿತ್ತು,
ತಗಡಿನ ಒಲೆಯಲ್ಲಿ ಇದನ್ನೇ ಸುಡುತ್ತಿದ್ದ.
ನನ್ನ ಮೂಗು ನೋಡಿದನೋ ಏನೋ, ಒಂದನ್ನು ಚಾಚಿದ.
ತಿಂದೆ. ಅವನು ಕೂಗಿ ಕೇಳಿದ: "ಮಶಿಸ್ಸೊ?"
ಕಡ್ಡಿ ವಾಪಸ್ ಕೇಳುತ್ತಿದ್ದಾನೆ ಅಂದುಕೊಂಡೆ.
ಬಾಯಿಂದ ಚೊಕ್ಕ ಮಾಡಿ, ಅಂಗಿಗೆ ಒರೆಸಿ,
ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.
ಅವನು ಕಡ್ಡಿ ನೋಡಿದ, ನನ್ನನ್ನು ನೋಡಿದ,
ಹೆಲ್ಮೆಟ್ಟು ಉರುಳುವಷ್ಟು ನಕ್ಕ.
ಸೈರನ್ ಆಯಿತು. ಮೇಲೆ ಹತ್ತಿದೆ.
ಹತ್ತೊಂಬತ್ತು ವರ್ಷ, ಆಗಾಗ, ತಟ್ಟೆ ತೊಳೆಯುವಾಗ
ಆ ನಗು ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು.

ಇವತ್ತು ಮೊದಲ ಕಡ್ಡಿ ಇವಳದು.
ನಾಲಿಗೆ ಸುಟ್ಟುಕೊಂಡು, ಬಾಯಿ ಗಾಳಿ ಮಾಡಿಕೊಂಡು,
ಜಾಸಿಂತಾ ಅಂದಳು: "ಮಶಿಸ್ಸೊ!"
ಏನಂದಿ?
"ರುಚಿಯಾಗಿದೆ ಅಂತ, ಪಪ್ಪಾ.
ಸ್ವಲ್ಪ ಎಳೆದರೆ, ರುಚಿಯಾಗಿದೆಯಾ ಅಂತ."

ಕೊಬ್ಬು ಕೆಂಡಕ್ಕೆ ಬಿದ್ದು ಚುರ್ ಎಂದಿತು.
ಹೊಗೆಗೆ ಕಣ್ಣು ಮುಚ್ಚುವುದು ಸಹಜ.
ಎಸ್ಪೆರಾನ್ಸ್ ನಾಲ್ಕನೆಯದನ್ನು ಮುಗಿಸುತ್ತ,
ರೆಶಾದ್ ಮಸಾಲೆ ಹಚ್ಚಿದ್ದರೆ ಇನ್ನೂ ಚೆನ್ನಾಗಿತ್ತು,
ಮಾಂಸ ಇನ್ನೂ ಸ್ವಲ್ಪ ಗಟ್ಟಿ, ಅಂದಳು.
ಗಟ್ಟಿಯೇ. ಪಪಾಯಿ ಇನ್ನೊಂದು ತಾಸು ಕೇಳುತ್ತಿತ್ತು.

ಮಶಿಸ್ಸೊ, ಅಂದೆ ನಾನು, ಎಳೆಯದೆ,
ಬೈತಖೋಲದ ದೀಪಗಳ ಕಡೆಗೆ.
"ಉಚ್ಚಾರ ತಪ್ಪು," ಅಂದಳು ಮಗಳು.

ಎಲ್ಲರೂ ಎದ್ದ ಮೇಲೂ
ಕೈಯಲ್ಲೊಂದು ಖಾಲಿ ಕಡ್ಡಿ, ಚೊಕ್ಕ ಮಾಡಿದ್ದು.
"ಬಿಸಾಕಿ ಪಪ್ಪಾ, ಅದ್ಯಾಕೆ ಹಿಡ್ಕೊಂಡು ಕೂತಿದ್ದೀರಿ?"